ಒಂದೇ ಡಿಸ್ಕಿನಲ್ಲಿದ್ದ ಕೈಮಾತು

“ಅಯ್ಯೋ, ಅದನ್ನ ಅಲ್ಲಾಡಿಸಬೇಡಿ!”

ಅವಳು ಕೂಗಿದ ರಭಸಕ್ಕೆ ಅವನು ಬಾಗಿಲಲ್ಲೇ ನಿಂತುಬಿಟ್ಟ. ಹಾರ್ಡ್ ಡಿಸ್ಕೊಂದನ್ನು ಕಿವಿಗೆ ಹಿಡಿದು ಗಿಲಕಿಯಂತೆ ಕುಲುಕುತ್ತಿದ್ದ ಕೈ ಗಾಳಿಯಲ್ಲೇ ನಿಂತಿತು.

“ಒಳಗೆ ಟಕ್ ಟಕ್ ಅಂತಿತ್ತು... ಮೇಜಿಂದ ಬಿದ್ದ ಮೇಲೆ ನಾಲ್ಕು ಸಲ ಆನ್ ಮಾಡಿ ನೋಡ್ದೆ.”

“ನಾಲ್ಕು ಸಲ! ಕಾಲು ಮುರಿದವರನ್ನ ನಾಲ್ಕು ಸಲ ಓಡಿಸಿದ ಹಾಗಾಯ್ತಲ್ಲ!”

ಅವನ ಮುಖ ಬಿಳಿಚಿಕೊಂಡಿತು. ಅವಳಿಗೆ ನಾಲಿಗೆ ಕಚ್ಚಿಕೊಳ್ಳುವಂತಾಯಿತು.

ಕೆಟ್ಟ ಡಿಸ್ಕುಗಳಿಂದ ಮಾಹಿತಿ ಹೊರತೆಗೆಯುವ ಅಂಗಡಿ ಅದು. ಅವಳ ಸೋದರತ್ತೆಯದು. ಒಳಗಿನ ಗಾಜಿನ ಕೋಣೆಯಲ್ಲಿ ಡಿಸ್ಕು ಬಿಚ್ಚುವವಳು ಇವಳು.

ಅವನು ಕಿವುಡ ಮಕ್ಕಳ ಶಾಲೆಯ ಮೇಷ್ಟ್ರು. ಆರು ವರ್ಷ ಮನೆಮನೆ ಅಲೆದು, ಹುಟ್ಟಿನಿಂದ ಕಿವಿ ಕೇಳದ ಹಿರಿಯರ ಸನ್ನೆಗಳನ್ನು ಚಿತ್ರೀಕರಿಸಿದ್ದ. ಆರುನೂರ ಹನ್ನೆರಡು ವಿಡಿಯೊ. ಎಲ್ಲ ಸೇರಿ ಒಂದು ಸನ್ನೆಗಳ ನಿಘಂಟು ಆಗಬೇಕಿತ್ತು.

“ಮತ್ತೆ ಶೂಟ್ ಮಾಡೋಕಾಗಲ್ವಾ?”

“ಅವರಲ್ಲಿ ಮೂವರು ಈಗ ಇಲ್ಲ...”

ಅವಳು ಡಿಸ್ಕನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. “ಇನ್ನೊಂದು ಕಾಪಿ?”

ಅವನು ತಲೆ ತಗ್ಗಿಸಿದ. “ಒಬ್ರು ಡಿವಿಡಿ ಅಂದ್ರು, ಒಬ್ರು ಎಸ್‌ಎಸ್‌ಡಿ ಅಂದ್ರು, ಇನ್ನೊಬ್ರು ಟೇಪ್ ಅಂದ್ರು. ಯಾವುದು ಒಳ್ಳೇದು ಅಂತ ಹೋಲಿಸ್ತಾ ಹೋಲಿಸ್ತಾ...”

“ವರ್ಷ ಕಳೆದ್ರಿ!”

“ಎರಡು.”

ನಗು ಬಂದುಬಿಟ್ಟಿತು ಅವಳಿಗೆ. ಪಾಪ!

ಅದೇ ಮಾದರಿಯ ಇನ್ನೊಂದು ಡಿಸ್ಕು ಹುಡುಕಿ, ಅದರ ತಟ್ಟೆ ಓದುವ ಹೆಡ್ ಬಿಚ್ಚಿ ಇದಕ್ಕೆ ಕೂರಿಸಬೇಕಿತ್ತು. ಆಮೇಲೂ ನಕಲು ಇಳಿಯುವುದು ಆಮೆಯ ನಡಿಗೆಯಲ್ಲಿ. ದಿನಾ ಶಾಲೆ ಬಿಟ್ಟೊಡನೆ ಮೇಷ್ಟ್ರು ಹಾಜರ್. ಗಾಜಿನಾಚೆ ಕುರ್ಚಿ ಎಳೆದುಕೊಂಡು ಪ್ರಶ್ನೆಯ ಮೇಲೆ ಪ್ರಶ್ನೆ.

“ಎಸ್‌ಎಸ್‌ಡೀಲಿ ಇಟ್ಟಿದ್ರೆ ಹೀಗಾಗ್ತಿರಲಿಲ್ವಾ?”

“ಅದರೊಳಗೆ ತಿರುಗೋ ತಟ್ಟೆಯಿಲ್ಲ, ಬಿದ್ರೂ ಸಾಮಾನ್ಯವಾಗಿ ತಡ್ಕೊಳ್ಳುತ್ತೆ. ವೇಗಾನೂ ಜಾಸ್ತಿ. ಆದ್ರೆ ಕರೆಂಟ್ ಕೊಡ್ದೆ ವರ್ಷಗಟ್ಟಲೆ ಬೀರುವಿನಲ್ಲಿ ಬಿಟ್ರೆ ಮರೆತರೂ ಮರೀಬಹುದು.”

“ಡಿವಿಡಿ?”

“ಗೀರು ಬಿದ್ರೆ ಕಷ್ಟ. ನಿಮ್ಮ ವಿಡಿಯೊಗೆ ಇನ್ನೂರು ಬೇಕು.”

“ಟೇಪ್?”

“ಬೇಕಾದ್ದು ಹುಡುಕೋಕೆ ನಿಧಾನ. ಆದ್ರೆ ತಣ್ಣಗೆ, ಒಣಗಿರೋ ಜಾಗದಲ್ಲಿಟ್ರೆ ಮೂವತ್ತು ವರ್ಷ ನಿಶ್ಚಿಂತೆ. ಶಾಲೆಗೆ ಟೇಪ್ ಇರಲಿ, ದಿನಾ ನೋಡೋಕೆ ಡಿಸ್ಕ್ ಇರಲಿ, ಮೂರನೇ ಕಾಪಿ ಇನ್ಯಾವುದಾದ್ರೂ ಊರಲ್ಲಿರಲಿ. ಒಂದನ್ನೇ ನೆಚ್ಚಿಕೊಂಡು ಕೂರಬಾರದು, ಅಷ್ಟೇ!”

ಕೌಂಟರ್ ಕಡೆಯಿಂದ ಅತ್ತೆಯ ದನಿ: “ಏನೇ, ಬೇರೆ ಗಿರಾಕಿಗಳಿಗೆ ಎರಡು ಮಾತೂ ಆಡಲ್ಲ ನೀನು!”

ಅವಳ ಕಿವಿ ಕೆಂಪಾಯಿತು. ಮೇಷ್ಟ್ರು ಚಾವಣಿ ನೋಡತೊಡಗಿದ.

ಒಂಬತ್ತನೆಯ ದಿನ ಕೊನೆಯ ಕಡತವೂ ಇಳಿಯಿತು. ಎಲ್ಲಾ ಸರಿಯಿದೆಯೇ ಎಂದು ಅವಳು ನಕಲು ಶುರುವಾದಾಗಿನಿಂದಲೂ ಒಂದೊಂದೇ ವಿಡಿಯೊ ತೆರೆದು ನೋಡುತ್ತಿದ್ದಳು. ಅಜ್ಜಂದಿರು, ಅಜ್ಜಿಯರು, ಅವರ ಕೈಗಳು... ಪ್ರತಿ ಸನ್ನೆಯ ಕೆಳಗೆ ಅದರ ಅರ್ಥ. ಪರೀಕ್ಷಿಸಲು ಕುಳಿತವಳು ಕಲಿಯತೊಡಗಿದ್ದಳು. ಹಸಿವು. ಗೆಳೆಯ. ಕಾಯು. ಇಷ್ಟ...

ಅಂದು ತೆರೆದ ನಾನೂರನೆಯ ವಿಡಿಯೊದಲ್ಲಿ ಒಬ್ಬ ಚೆಂದದ ಹೆಂಗಸು. ಪಕ್ಕದಲ್ಲಿ ಮೇಷ್ಟ್ರು. ಅವಳು ಅವನ ಕಿವಿ ಹಿಂಡಿದಳು. ಅವನು ನಗುತ್ತಾ ಅವಳ ಹಣೆಗೆ ಮುತ್ತಿಟ್ಟ.

*ಓಹ್... ಮದುವೆಯಾಗಿದೆ!*

ನನಗೇನಂತೆ, ಎಂದುಕೊಂಡಳು. ವಿಡಿಯೊ ಮುಚ್ಚಿ, ಮತ್ತೆ ತೆರೆದಳು.

ಸಂಜೆ ಅವನು ಬಂದಾಗ ಅತ್ತೆಯಿಂದಲೇ ಹೇಳಿಸಿದಳು: “ಕೆಲಸ ಮುಗಿದಿದೆ. ನಾಳೆ ಬಂದು ತಗೊಂಡು ಹೋಗ್ಬೇಕಂತೆ.”

“ನಾನೇನಾದ್ರೂ ತಪ್ಪು ಮಾಡಿದ್ನಾ?” ಎಂದು ಅವನು ಗಾಜಿನ ಕಡೆ ನೋಡಿದ. ಅವಳು ಬೆನ್ನು ತಿರುಗಿಸಿ, ಒರೆಸಿದ್ದ ಮೇಜನ್ನೇ ಮತ್ತೆ ಒರೆಸಿದಳು.

ಮರುದಿನ ಮಧ್ಯಾಹ್ನ ಅವನು ಬಂದ. ಜೊತೆಗೆ ಅದೇ ಹೆಂಗಸು!

“ನನ್ನಕ್ಕ,” ಎಂದ ಮೇಷ್ಟ್ರು. “ಇವಳಿಗೆ ಕಿವಿ ಕೇಳಲ್ಲ. ನಾನು ಮೊದಲು ಮಾತಾಡಿದ್ದೇ ಇವಳ ಕೈ ನೋಡಿ.”

ಅಕ್ಕ! ಎದೆಯ ಮೇಲಿನ ಬಂಡೆ ಉರುಳಿಹೋಯಿತು. ಅದರ ಜೊತೆಗೆ ನಾಚಿಕೆ... ಛೇ, ಎಂಥ ದಡ್ಡಿ ನಾನು!

ಅಕ್ಕ ಪರದೆಯ ಮೇಲೆ ಆರುನೂರ ಹನ್ನೆರಡನ್ನೂ ಕಂಡು ಕಣ್ಣೊರೆಸಿಕೊಂಡಳು. ಆಮೇಲೆ ತಮ್ಮನತ್ತ ತಿರುಗಿದಳು. ಕೈಗಳು ಚಕಚಕನೆ ಓಡಿದವು.

“ಏನಂತಾರೆ?”

“ಅದು... ಥ್ಯಾಂಕ್ಸ್ ಅಂತ,” ಎಂದ ಮೇಷ್ಟ್ರು, ಕುತ್ತಿಗೆಯವರೆಗೂ ಕೆಂಪಾಗಿ.

ಅವಳು ತುಟಿ ಕಚ್ಚಿ ನಗು ತಡೆದಳು. ಆ ಕೈಗಳು ಹೇಳಿದ್ದು ಬೇರೆಯೇ ಆಗಿತ್ತು. *ಮನೆಯಲ್ಲಿ ಊಟಕ್ಕೆ ಕೂತರೂ ಇವಳದ್ದೇ ಮಾತು. ನಿನಗೆ ಇಷ್ಟ ತಾನೇ? ಹೇಳೋ ಪೆದ್ದ!*

ಧೈರ್ಯ ಮಾಡಿ ಅವಳೂ ಕೈಯೆತ್ತಿದಳು. ಕಲಿತ ಸನ್ನೆಯಲ್ಲೇ ಉತ್ತರ ಕೊಟ್ಟಳು.

ಅಕ್ಕ ಒಂದು ಕ್ಷಣ ಕಣ್ಣರಳಿಸಿ ನೋಡಿದಳು. ಮರುಕ್ಷಣ ಹೊಟ್ಟೆ ಹಿಡಿದು ನಕ್ಕಳು!

ಮೇಷ್ಟ್ರು ಒಂದು ಹೆಜ್ಜೆ ಮುಂದೆ ಬಂದ. “ನಿಮಗೆ... ಎಲ್ಲಾ ಅರ್ಥ ಆಯ್ತಾ?”

“ಆಯ್ತು. ಯಾಕೆ ನಗ್ತಿದಾರೆ? ನಾನೇನಂದೆ?”

“‘ನನಗೂ ಹಸಿವು’ ಅಂದ್ರಿ.”

“ಅಯ್ಯೋ ದೇವರೇ!”

ಅಕ್ಕ ಬಂದು ಅವಳ ಕೈ ಹಿಡಿದಳು. ಗಾಬರಿಯಲ್ಲಿ ಹೊಟ್ಟೆಗೆ ಇಳಿದಿದ್ದ ಅಂಗೈಯನ್ನು ಮೆಲ್ಲಗೆ ಎದೆಯ ಮೇಲೆ ಇಟ್ಟಳು. ಹೊಟ್ಟೆಯ ಮೇಲಿದ್ದರೆ ಹಸಿವು, ಎದೆಯ ಮೇಲಿದ್ದರೆ ಇಷ್ಟ.

ಮೇಷ್ಟ್ರು ನಗಲಿಲ್ಲ. ಅವನ ಕಣ್ಣು ತುಂಬಿತ್ತು.

“ಇದೇನಾ ಹೇಳ್ಬೇಕು ಅಂದ್ಕೊಂಡಿದ್ದು?”

“ಹೂಂ... ನೀವಿನ್ನೂ ಏನೂ ಹೇಳಿಲ್ಲ.”

“ಇಷ್ಟ,” ಎಂದ ಅವನು. “ತುಂಬಾ... ತುಂಬಾ ಇಷ್ಟ.”

“ಕೇಳಿಸ್ಲಿಲ್ಲ!” ಎಂದಳು ಅವಳು, ನಗುತ್ತಾ. “ಕೈಯಲ್ಲಿ ಹೇಳಿ.”