ಹೇಳದೆ ಉಳಿದ ಅರ್ಧ ಮಾತು

"ಎಷ್ಟು ಅಳ್ತಾನೆ ಮಾರಾಯ್ತಿ! ಆ ಗಂಜಿನೀರು ತಾ ಇಲ್ಲಿ," ಎಂದು ಅಜ್ಜಿ ತಿಮ್ಮಕ್ಕ ಕೂಗಿದಳು.

ಶೀಲಾವತಿ ಲೋಟ ತಂದುಕೊಟ್ಟಳು. ನಾಲ್ಕು ತಿಂಗಳ ತಮ್ಮ ಒಂದು ಚಮಚ ಕುಡಿದು ಉಳಿದದ್ದನ್ನು ಉಗಿದ. ಒಳಕೋಣೆಯಲ್ಲಿ ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂತಿದ್ದಳು. ಎಂಟು ದಿನದಿಂದ ಮಗುವಿಗೆ ಅಮ್ಮನ ಹಾಲಿಲ್ಲ. ಅದಕ್ಕೆ ಕಾರಣ ಯಾರು? ಐದನೇ ಕ್ಲಾಸಿನ ನಮ್ಮ ಈ ಜಾಣೆಯೇ!

ಅಮ್ಮನ ಕುತ್ತಿಗೆಯಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆ ಎದ್ದಿತ್ತು. ಕಳೆದ ವಾರ ಸುಳ್ಯದಿಂದ ಬಸ್ಸು ಹತ್ತಿ ತಾಯಿ ಮಗಳು ಪುತ್ತೂರಿನ ಡಾಕ್ಟರರಿಗೆ ತೋರಿಸಲು ಹೋಗಿದ್ದರು. ಅಮ್ಮನಿಗೆ ಬರುವುದು ಮನೆಮಾತಾದ ಅರೆಭಾಷೆ, ತುಳು ಮಾತ್ರ. ಡಾಕ್ಟರರದ್ದು ಪುಸ್ತಕದ ಕನ್ನಡ. ಹಾಗಾಗಿ ಅವರ ಮಾತು ಕೇಳಿಸಿಕೊಂಡು ಬರುವ ಕೆಲಸ ಶೀಲಾವತಿಯದು.

ಡಾಕ್ಟರರು ಅಮ್ಮನ ಕೈಯಿಂದ ರಕ್ತ ತೆಗೆದರು.

"ಗಡ್ಡೆ ಕುತ್ತಿಗೆಯಲ್ಲಿ. ಸೂಜಿ ಕೈಗೆ ಯಾಕೆ?" ಎಂದು ಶೀಲಾವತಿ ಕೇಳಿಯೇಬಿಟ್ಟಳು.

"ಕುತ್ತಿಗೆಯ ಗ್ರಂಥಿಯೊಳಗೆ ಒಂದು ಪ್ರೋಟೀನ್ ಇದೆ ಮಗು. ಅದು ಸ್ವಲ್ಪಸ್ವಲ್ಪವೇ ಜಿನುಗಿ ರಕ್ತಕ್ಕೆ ಸೇರುತ್ತದೆ, ಅದಕ್ಕೇ ರಕ್ತ ಪರೀಕ್ಷೆ. ಎಲ್ಲರಿಗೂ ಹಾಗೆಯೇ, ನಿನ್ನ ರಕ್ತದಲ್ಲೂ ಇದೆ. ಅದು ವಿಷವಲ್ಲ. ಅಮ್ಮ ಮಗುವಿಗೆ ಹಾಲು ಕೊಡಬಹುದು."

ವಾಪಸು ಬರುವಾಗ ಬಸ್ಸಿನಲ್ಲಿ ಅಮ್ಮನಿಗೆ ವಾಂತಿಯೋ ವಾಂತಿ. ಮಾತಾಡಲು ಪುರುಸೊತ್ತೇ ಆಗಲಿಲ್ಲ. ಮನೆಯಲ್ಲಿ ಅಜ್ಜಿಯೂ ಪಕ್ಕದ ಮನೆಯ ಸಾರಮ್ಮನೂ ಕಾಯುತ್ತಿದ್ದರು.

"ಎಂತ ಹೇಳಿದ್ರು ಡಾಕ್ಟ್ರು?"

"ಕುತ್ತಿಗೆ ಒಳಗಿಂದ ಪ್ರೋಟೀನ್ ಜಿನುಗಿ ರಕ್ತಕ್ಕೆ ಇಳೀತದಂತೆ!"

ಇಬ್ಬರೂ ಬಾಯಿ ಬಿಟ್ಟುಕೊಂಡು ನೋಡಿದರು. ಅಬ್ಬಾ, ಶೀಲಾವತಿಗೆ ಎಷ್ಟು ಖುಷಿ!

"ಅಯ್ಯೋ ದೇವರೇ! ರಕ್ತಕ್ಕೆ ಇಳಿದದ್ದು ಹಾಲಿಗೆ ಇಳಿಯದೆ ಉಂಟಾ?" ಎಂದು ಅಜ್ಜಿ ಅಮ್ಮನ ಮಡಿಲಿನಿಂದ ಮಗುವನ್ನು ಎತ್ತಿಕೊಂಡಳು.

ಹಾಲು ಕೊಡಬಹುದು ಎಂಬ ಉಳಿದರ್ಧ ಮಾತನ್ನು ಶೀಲಾವತಿ ಒಳಗೇ ಇಟ್ಟುಕೊಂಡಳು. ಮೊದಲೇ ಯಾಕೆ ಹೇಳಲಿಲ್ಲ ಎಂದು ಬೈದರೆ? ನಾಳೆ ಹೇಳಿದರಾಯಿತು ಎಂದುಕೊಂಡಳು. ನಾಳೆ ನಾಳೆ ಎನ್ನುತ್ತ ಎಂಟು ದಿನ ಕಳೆಯಿತು.

ಇವತ್ತು ತಮ್ಮನ ಅಳು ಇದ್ದಕ್ಕಿದ್ದಂತೆ ಸಣ್ಣಗಾಯಿತು. ಕೂಗಲು ಅವನಿಗೆ ಶಕ್ತಿಯೇ ಇರಲಿಲ್ಲ. ಶೀಲಾವತಿಗೆ ತಡೆಯಲಾಗಲಿಲ್ಲ. ಒಳಕೋಣೆಗೆ ಓಡಿಹೋಗಿ ಅಮ್ಮನಿಗೆ ಎಲ್ಲವನ್ನೂ ಹೇಳಿಬಿಟ್ಟಳು.

ಅಮ್ಮ ದಡಕ್ಕನೆ ಎದ್ದಳು. ಹೊರಗೆ ಬಂದು ಅಜ್ಜಿಯ ಕೈಯಿಂದ ಮಗುವನ್ನು ಕಸಿದುಕೊಂಡು ಎದೆಗೆ ಹಚ್ಚಿಕೊಂಡಳು. ಮಗು ಆಸೆಯಿಂದ ಚೀಪಿತು, ಬಾಯಿ ಬಿಟ್ಟು ಅತ್ತಿತು, ಮತ್ತೆ ಚೀಪಿತು.

"ಹಾಲು ಬತ್ತಿದೆ," ಎಂದಳು ಅಮ್ಮ.

"ಎಂತದು ಇದು? ಹಾಲು ಕೊಡ್ಬಾರ್ದು ಹೇಳಿದ್ದಲ್ವಾ ಡಾಕ್ಟ್ರು?" ಎಂದು ಅಜ್ಜಿ ಕೇಳಿದಳು.

"ಇಲ್ಲ ಅಜ್ಜಿ. ಕೊಡ್ಬಹುದು ಅಂತಲೇ ಹೇಳಿದ್ರು. ನಾನೇ ಹೇಳ್ಲಿಲ್ಲ."

ಬೈದಾರು ಎಂದು ಇಷ್ಟು ದಿನ ಹೆದರಿದ್ದ ಶೀಲಾವತಿ ಈಗ, ಯಾರಾದರೂ ಒಮ್ಮೆ ಬೈಯಲಿ ಎಂದು ಕಾದು ನಿಂತಳು. ಯಾರೂ ಬೈಯಲಿಲ್ಲ. ಮಗು ಮಾತ್ರ ಅಮ್ಮನ ಎದೆಯಲ್ಲಿ ಹುಡುಕುತ್ತಲೇ ಇತ್ತು.