ಗಡ್ಡದ ಮುತ್ಯಾನ ಕಳವು

2025ರ ಜನವರಿ 24, ಶುಕ್ರವಾರ. ಬೆಳಿಗ್ಗೆ ಒಂಬತ್ತೂವರೆಗೆ ಹುಡಗಿ ಗ್ರಾಮದ ಧೂಳಮ್ಮ ಮಗ ಪಂಡರಿಯನ್ನು ಕರೆದುಕೊಂಡು ಹುಮನಾಬಾದ್ ಪೊಲೀಸ್ ಠಾಣೆಗೆ ಬಂದಳು. ಎಪ್ಪತ್ತರ ಆಸುಪಾಸಿನ ಹೆಂಗಸು, ಕುರಿ ಕಾಯುವ ಮನೆತನ. ಠಾಣಾ ದಿನಚರಿ ಬರೆಯುತ್ತಿದ್ದ ಹೆಡ್ ಕಾನ್‌ಸ್ಟೆಬಲ್ ಸಂಘಪಾಲ ತಲೆಯೆತ್ತಿ ಏನಾಯಿತೆಂದು ಕೇಳಿದ.

“ನಮ್ಮ ಮುತ್ಯಾ ಇಲ್ಲರಿ ಸಾಹೇಬ್ರ. ನಿನ್ನಿಯಿಂದ ಮನ್ಯಾಗ ಇಲ್ಲ.”

ಮನೆಯ ಅಜ್ಜ ಕಾಣೆಯಾಗಿದ್ದಾನೆ ಅಂದುಕೊಂಡು ಸಂಘಪಾಲ ಕಾಣೆಯಾದವರ ನಮೂನೆ ತೆಗೆದುಕೊಂಡ. “ವಯಸ್ಸು ಎಷ್ಟು?”

“ನನ್ನ ಗಂಡನ ಮುತ್ಯಾನ ಕಾಲದಿಂದ ಹಾನ್ರಿ.”

“ಅಂದ್ರ ತೊಂಬತ್ತು ದಾಟ್ಯಾವ?”

“ನೂರರ ಮ್ಯಾಲ ಆಗ್ಯಾವ.”

“ಅಷ್ಟು ವಯಸ್ಸಾದವ್ರು ಒಬ್ರೇ ಹ್ಯಾಂಗ ಹೋದ್ರು? ನಡದಾಡ್ತಿದ್ರೇನು?”

ಪಂಡರಿ ನಡುವೆ ಬಾಯಿ ಹಾಕಿದ. “ಸಾಹೇಬ್ರ, ಮುತ್ಯಾ ಅಂದ್ರ ಮನಷ್ಯಾ ಅಲ್ಲರಿ, ಹೂಜಿ. ಅದರ ಕುತ್ತಿಗಿ ಮ್ಯಾಲ ಗಡ್ಡದ ಮಾರಿ ಮೂಡಿಸ್ಯಾರ. ಅದಕ್ಕ ಗಡ್ಡದ ಮುತ್ಯಾ ಅಂತೀವಿ. ಮೈಲಾರಲಿಂಗನ ಭಂಡಾರ ಅದರಾಗೇ ಇಡ್ತೀವಿ.”

ಸಂಘಪಾಲ ನಮೂನೆಯನ್ನು ಮಡಚಿ ಬದಿಗಿಟ್ಟ. ಮಾತು ಕೇಳಿಸಿಕೊಂಡ ಪಿಎಸ್‌ಐ ಮನೀಷಾ ಕೋಣೆಯಿಂದ ಹೊರಗೆ ಬಂದು ಧೂಳಮ್ಮನ ಎದುರು ಕುರ್ಚಿ ಎಳೆದುಕೊಂಡು ಕೂತಳು.

ಗುರುವಾರ ಪಂಡರಿಯ ಮಗಳು ಸಾಕ್ಷಿಯ ಕುಬಸ, ಅಂದರೆ ಸೀಮಂತ, ಅವಳ ಗಂಡನ ಊರಾದ ದುಬಲಗುಂಡಿಯಲ್ಲಿ ಇತ್ತು. ಮನೆಯವರೆಲ್ಲ ಬೆಳಿಗ್ಗೆಯೇ ಟೆಂಪೋ ಮಾಡಿಕೊಂಡು ಹೋಗಿ ಸಂಜೆ ತಿರುಗಿ ಬಂದಿದ್ದರು. ಬಾಗಿಲಿಗೆ ಹಾಕಿದ ಬೀಗ ಹಾಕಿದಂತೆಯೇ ಇತ್ತು. ಕೀಲಿ ಎಂದಿನಂತೆ ಕುರಿಹಟ್ಟಿಯ ಗೂಡಿನಲ್ಲಿತ್ತು. ಧೂಳಮ್ಮ ದೀಪ ಹಚ್ಚಲು ಹೋದಾಗ ದೇವರ ಜಗಲಿಯ ಮೇಲೆ ಹೂಜಿ ಇರಲಿಲ್ಲ.

“ಅದರ ಕಿಮ್ಮತ್ತು ಎಷ್ಟಾಗ್ತದ ಆಯಿ?” ಮನೀಷಾ ಕೇಳಿದಳು. “ಎಫ್‌ಐಆರ್‌ದಾಗ ಬರೀಬೇಕು.”

“ಮುತ್ಯಾಗ ಯಾರರೆ ಕಿಮ್ಮತ್ತು ಕಟ್ತಾರೇನ್ರಿ ಅಕ್ಕಾರ?”

ಸಂಘಪಾಲ ‘ಬೆಲೆ ತಿಳಿದಿಲ್ಲ’ ಎಂದು ಬರೆದುಕೊಂಡ. ಭಾರತೀಯ ನ್ಯಾಯ ಸಂಹಿತೆ ಕಲಂ 331(3) ಮತ್ತು 305ರ ಅಡಿ ಪ್ರಕರಣ ದಾಖಲಾಯಿತು.

ಮಧ್ಯಾಹ್ನ ಇಬ್ಬರು ಪಂಚರ ಸಮಕ್ಷಮ ಸ್ಥಳ ಪಂಚನಾಮೆ ನಡೆಯಿತು. ಜಗಲಿಯ ಮೇಲೆ ದೇವರ ಬೆಳ್ಳಿಯ ಮುಖ, ಹಿತ್ತಾಳೆಯ ದೀಪದ ಸಮೆ, ತಾಮ್ರದ ತಂಬಿಗೆ ಎಲ್ಲವೂ ಇದ್ದವು. ಹೂಜಿಯಲ್ಲಿದ್ದ ಭಂಡಾರವನ್ನು, ಅಂದರೆ ದೇವರ ಅರಿಶಿನ ಪುಡಿಯನ್ನು, ಯಾರೋ ಸ್ಟೀಲ್ ತಟ್ಟೆಗೆ ಸುರಿದು ಮೇಲೆ ಇನ್ನೊಂದು ತಟ್ಟೆ ಮುಚ್ಚಿದ್ದರು. ನೆಲದ ಮೇಲೆ ಒಂದು ಚಿಟಿಕೆಯೂ ಚೆಲ್ಲಿರಲಿಲ್ಲ.

“ಬೆಳ್ಳಿ ಬಿಟ್ಟು ಮಣ್ಣು ಒಯ್ದಾನಲ್ರಿ ಮೇಡಂ,” ಎಂದ ಸಂಘಪಾಲ.

“ಅದೂ ಪುರಸತ್ತಿನಿಂದ ಒಯ್ದಾನ. ಮನಿ ಸಂಜೀತನಾ ಖಾಲಿ ಇರ್ತದ ಅಂತ ಗೊತ್ತಿದ್ದವ.” ಮನೀಷಾ ಪಂಡರಿಯ ಕಡೆ ತಿರುಗಿದಳು. “ಹೂಜೀದು ಫೋಟೋ ಏನರೆ ಅದನೋ?”

ಪಂಡರಿ ಒಳಗಿನಿಂದ ಸಾಕ್ಷಿಯ ಮದುವೆ ಆಲ್ಬಮ್ ತಂದು ಕೊಟ್ಟ. ಒಂದು ಪುಟದಲ್ಲಿ ಮದುಮಗಳು ಜಗಲಿಗೆ ಕೈಮುಗಿಯುವ ಮೂರು ಫೋಟೋಗಳಿದ್ದವು. ಗಿಡ್ಡ ಕುತ್ತಿಗೆ, ಉಬ್ಬಿದ ಹೊಟ್ಟೆ, ಒಂದು ಹಿಡಿಕೆ, ಹುಲಿಬಣ್ಣದ ಚುಕ್ಕೆಗಳ ಕಂದು ಮೈ. ಕುತ್ತಿಗೆಯ ಮೇಲೆ ನಗುತ್ತಿದ್ದಾನೋ ಸಿಟ್ಟಾಗಿದ್ದಾನೋ ಹೇಳಲಾಗದ ಗಡ್ಡದ ಮುದುಕನ ಮುಖ. ಮನೀಷಾ ಆ ಪುಟವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

“ಇಲ್ಲಿ ಹೂಜಿ ಗಡ್ಡ ಎಳಿ ಎಳಿ ಕಾಣಾಕತ್ತದ. ನಿಮ್ಮ ಮಗಳ ಮಾರಿ ಮಬ್ಬಾಗ್ಯದ. ಮೂರೂ ಫೋಟೋದಾಗ ಹಂಗೇ ಅದ.”

“ಹೌದ್ರಿ. ಮದುವಿ ಆಲ್ಬಮ್ಮಿನ್ಯಾಗ ನನ್ನ ಮಾರೀನೇ ಇಲ್ಲ ಅಂತ ಸಾಕ್ಷಿ ಅತ್ತಿದ್ಳು.”

“ತಗದವ್ರು ಯಾರು?”

“ಬಸವಕಲ್ಯಾಣದ ಓಂಪ್ರಕಾಶ. ಸ್ಟುಡಿಯೋ ಅದ. ಛಲೋ ಮನಷ್ಯಾ ಅದಾನ್ರಿ.”

“ನಿನ್ನಿ ಕುಬಸದ ಫೋಟೋನೂ ಅವರೇ ತಗದ್ರೇನು?”

“ಅವರಿಗೇ ಹೇಳಿದ್ವಿರಿ. ಜ್ವರ ಬಂದಾವ ಅಂತ ಬ್ಯಾರೆಯವ್ರನ್ನ ಕಳಿಸಿದ್ರು.”

ಮನೀಷಾ ಆ ಪುಟದ ಫೋಟೋವನ್ನು ತನ್ನ ಮೊಬೈಲಿನಲ್ಲಿ ತೆಗೆದುಕೊಂಡಳು. ಮಬ್ಬಾದ ಫೋಟೋ ಸಾಕ್ಷ್ಯವಾಗುವುದಿಲ್ಲ, ಜ್ವರ ಯಾರಿಗಾದರೂ ಬರಬಹುದು. ಮೊದಲು ಈ ಹೂಜಿ ಏನು, ಅದು ಯಾರಿಗೆ ಬೇಕಾಗಬಹುದು ಎಂಬುದು ತಿಳಿಯಬೇಕಿತ್ತು.

ಶನಿವಾರ ಅವಳು ಸಂಘಪಾಲನೊಂದಿಗೆ ಬಸವಕಲ್ಯಾಣಕ್ಕೆ ಹೋದಳು. ಕೋಟೆಗೆ ಹೋಗುವ ದಾರಿಯಲ್ಲಿ ಗಜಾಲಾ ಎಂಬ ಹೆಂಗಸಿನ ಹಳೆಯ ಸಾಮಾನಿನ ಅಂಗಡಿಯಿತ್ತು. ಗಡಿಯಾರ, ಕಂದೀಲು, ಹಿತ್ತಾಳೆಯ ಬೀಗ, ಬಣ್ಣದ ಗಾಜಿನ ಬುಡ್ಡಿಗಳ ನಡುವೆ ಕೂತಿದ್ದ ಗಜಾಲಾ ಫೋಟೋ ನೋಡಿದ ಕೂಡಲೇ ಹೇಳಿದಳು, “ಇದು ಜರ್ಮನ್ ಅದರಿ.”

ಸಂಘಪಾಲ ನಕ್ಕ. “ಆಪಾ, ಜರ್ಮನ್ ಅಂದ್ರ ಅಲ್ಯುಮಿನಿಯಂ ಭಾಂಡಿ. ಇದು ಮಣ್ಣಿಂದು.”

“ಆ ಜರ್ಮನ್ ಅಲ್ಲ ಸಾಬ್. ಜರ್ಮನಿ ಮುಲ್ಕಿನ ಮಾಲು. ಮಣ್ಣೇ, ಖರೇ. ಕಲ್ಲಿನಂಗ ಆಗೋತನಾ ಸುಡ್ತಾರ. ಸುಡೋವಾಗ ಭಟ್ಟಿಯೊಳಗ ಉಪ್ಪು ಒಗೀತಾರ. ಅದಕ್ಕ ಇದರ ಮೈ ಮೋಸಂಬಿ ಸಿಪ್ಪಿ ಇದ್ದಂಗ ಇರ್ತದ. ಜಾಗೀರದಾರ್ರ ಹವೇಲಿ ಖಾಲಿ ಆದಾಗ ಇಂಥವು ಗುಜರಿಗೆ ಬರ್ತಿದ್ವು.”

“ಇಷ್ಟೆಲ್ಲ ನಿಮಗ ಯಾರು ಹೇಳಿದ್ರು?”

“ನನ್ನ ಗಿರಾಕಿ. ಅವನಿಗೆ ಇದರ ಹುಚ್ಚು. ಅಂಗಡಿ ಮೆಟ್ಟಿಲಾ ಹತ್ತೋದ್ರಾಗೇ ಕೇಳ್ತಾನ, ಆಪಾ, ಒಡದದ್ದು ಏನರೆ ಬಂದದ ಏನು ಅಂತ. ಸಾಬೂತ, ಒಡೀಲಾರದ ಮಾಲು ಹೈದರಾಬಾದಿನ ಸೇಠ್‌ಗೋಳು ಒಯ್ತಾರ. ಕಿವಿ ಮುರದದ್ದು, ಬಾಯಿ ಚಕ್ಕಿ ಎದ್ದದ್ದು ಇವ ತಗೋತಾನ. ಅಷ್ಟೇ ಅವನ ತಾಕತ್ತು.”

“ಹೆಸರೇನು?”

“ಓಂಪ್ರಕಾಶ. ಫೋಟೋ ಸ್ಟುಡಿಯೋದವ.” ಗಜಾಲಾ ಪೊಲೀಸರಿಬ್ಬರ ಮುಖ ನೋಡಿ ಗಾಬರಿಯಾದಳು. “ಯಾಕ್ರಿ? ಅವ ಇಂಥ ಕೆಲಸ ಮಾಡವ ಅಲ್ಲ.”

ಭಾನುವಾರ ಗಣರಾಜ್ಯೋತ್ಸವದ ಬಂದೋಬಸ್ತಿನಲ್ಲಿ ಕಳೆಯಿತು. ಸೋಮವಾರ ಓಂಪ್ರಕಾಶನ ಮೊಬೈಲ್ ವಿವರ ಬಂತು. 23ರಂದು ಮುಂಜಾನೆ ಹನ್ನೊಂದರ ಸುಮಾರಿಗೆ ಆ ಫೋನು ಹುಡಗಿಯ ಟವರಿನ ವ್ಯಾಪ್ತಿಯಲ್ಲಿತ್ತು.

ಮಂಗಳವಾರ ಮನೀಷಾ ಪಂಚರೊಂದಿಗೆ ಓಂಪ್ರಕಾಶನ ಮನೆಯ ಶೋಧನೆಗೆ ಹೋದಳು. ಕೆಳಗೆ ಸ್ಟುಡಿಯೋ, ಮೇಲೆ ಎರಡು ಕೋಣೆಯ ಮನೆ. ಸಂಘಪಾಲ ಮೊಬೈಲಿನಲ್ಲಿ ಚಿತ್ರೀಕರಣ ಶುರು ಮಾಡಿದ. ಓಂಪ್ರಕಾಶ ನಲವತ್ತೈದರ ಸಣಕಲು ಮನುಷ್ಯ. ಪೊಲೀಸರನ್ನು ನೋಡಿ ಎದ್ದು ನಿಂತ. ಗೋಡೆಯುದ್ದಕ್ಕೂ ಇದ್ದ ಕಪಾಟಿನಲ್ಲಿ ಅವನ ಸಂಗ್ರಹವಿತ್ತು. ಔಷಧಿ ನೀರು ತುಂಬುತ್ತಿದ್ದ, ಕತ್ತು ಮುರಿದ ಉದ್ದ ಮಣ್ಣಿನ ಬಾಟಲಿಗಳು, ಬೂದಿಬಣ್ಣದ ಮೇಲೆ ನೀಲಿ ಹೂ ಬರೆದ ಹಿಡಿಕೆಯಿಲ್ಲದ ಮಗ್ಗುಗಳು, ಮೂರು ಚೂರನ್ನು ಅಂಟಿಸಿದ ಒಂದು ತಟ್ಟೆ. ಒಂದೊಂದರ ಕೆಳಗೂ ಊರಿನ ಹೆಸರಿನ ಚೀಟಿ: ಸೋಲಾಪುರ, ಬೀದರ, ಹೈದರಾಬಾದಿನ ಗುರುವಾರದ ಸಂತೆ.

“ಇವನ್ನೆಲ್ಲ ಎಷ್ಟು ವರ್ಷದಿಂದ ಕೂಡಿಸಾಕತ್ತೀರಿ?”

“ಹನ್ನೆರಡು ವರ್ಷ ಆತ್ರಿ. ಎಲ್ಲಾ ರೊಕ್ಕ ಕೊಟ್ಟೇ ತಗೊಂಡೀನಿ.”

“23ನೇ ತಾರೀಖ ಎಲ್ಲಿದ್ರಿ?”

“ಮನ್ಯಾಗ. ಜ್ವರ ಬಂದಿದ್ವು.”

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಸುಜಾತಾ ಹುಬ್ಬೇರಿಸಿದಳು. “ಜ್ವರ ಯಾವಾಗ ಬಂದಿದ್ವು ನಿಮಗ? ಕುಬಸದ ಫೋಟೋಕ್ಕ ಅಂತ ಬುತ್ತಿ ಕಟ್ಟಿಸ್ಕೊಂಡು ಹೋಗಿದ್ರಲ್ಲ.”

ಓಂಪ್ರಕಾಶ ಹೆಂಡತಿಯ ಕಡೆ ನೋಡಲಿಲ್ಲ. ಮನೀಷಾ ಟವರಿನ ವಿವರದ ಹಾಳೆಯನ್ನು ಅವನ ಮುಂದೆ ಇಟ್ಟಳು. ಅವನು ಅದನ್ನು ಓದದೆ ಕೆಳಗಿಳಿದು ಹೋದ. ಸಂಘಪಾಲ ಬೆನ್ನಿಗೇ ನಡೆದ. ಹಿಂದೆ ಫಿಲಂ ತೊಳೆಯುತ್ತಿದ್ದ ಕತ್ತಲೆಕೋಣೆಯಲ್ಲಿ ಸ್ಟುಡಿಯೋದ ಹಳೆಯ ಪರದೆಗಳ ಟ್ರಂಕ್ ಇತ್ತು. ಓಂಪ್ರಕಾಶ ಅದನ್ನು ತೆರೆದು, ಪರದೆಗಳ ನಡುವೆ ಸುತ್ತಿಟ್ಟಿದ್ದ ಹೂಜಿಯನ್ನು ಎರಡೂ ಕೈಯಲ್ಲಿ ಎತ್ತಿ ಮೇಜಿನ ಮೇಲಿಟ್ಟ. ಹೊರಮೈಯನ್ನು ಒರೆಸಿ ಒರೆಸಿ ಹೊಳಪು ಬರಿಸಿದ್ದ. ಆದರೆ ಕುತ್ತಿಗೆ ಇಕ್ಕಟ್ಟಾದ್ದರಿಂದ ಒಳಗೆ ಕೈ ಹೋಗಿರಲಿಲ್ಲ. ಮನೀಷಾ ಬೆರಳು ತೂರಿಸಿ ತೆಗೆದಾಗ ತುದಿ ಹಳದಿಯಾಗಿತ್ತು.

ಜಪ್ತಿ ಪಂಚನಾಮೆ ಬರೆದು, ಬಟ್ಟೆ ಸುತ್ತಿ ಅರಗಿನ ಮೊಹರು ಹಾಕಿದರು. ಸಂಘಪಾಲ ಗಂಟನ್ನು ಹಿಡಿಕೆ ಸಹಿತ ಎತ್ತಲು ಹೋದ.

“ಹಿಡಿಕಿ ಹಿಡೀಬ್ಯಾಡ್ರಿ ಸಾಹೇಬ್ರ,” ಓಂಪ್ರಕಾಶ ಗಡಬಡಿಸಿ ಹೇಳಿದ. “ತಳಕ್ಕ ಕೈ ಕೊಡ್ರಿ.”

ಸಂಘಪಾಲ ಮನೀಷಾಳ ಮುಖ ನೋಡಿ ತಳಕ್ಕೆ ಕೈ ಕೊಟ್ಟ. ಸುಜಾತಾ ಮೆಟ್ಟಿಲ ಮೇಲೆ ಕೂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಓಂಪ್ರಕಾಶನನ್ನು ಬಂಧಿಸಿ ಹುಮನಾಬಾದಿಗೆ ಕರೆತಂದರು.

ಮಧ್ಯಾಹ್ನ ಹೂಜಿ ಗುರುತಿಸಲು ಠಾಣೆಗೆ ಬಂದ ಧೂಳಮ್ಮ ಬೆಂಚಿನ ಮೇಲೆ ಕೂತಿದ್ದ ಓಂಪ್ರಕಾಶನನ್ನು ಕಂಡು ನಿಂತಳು. ಮೊಮ್ಮಗಳ ಮದುವೆಯ ದಿನ ತಾನೇ ಅವನ ಎಲೆಗೆ ಎರಡನೇ ಸಲ ಹೋಳಿಗೆ ಬಡಿಸಿದ್ದಳು.

“ನೀನೇನಪ್ಪಾ? ಬೇಕಾಗಿತ್ತು ಅಂದ್ರ ಬಾಯಿ ಬಿಟ್ಟು ಕೇಳಬಾರದೇನು?”

“ಕೇಳಿದ್ರ ಕೊಡ್ತಿದ್ದೇನು ಆಯಿ?”

“ಇಲ್ಲ, ಕೊಡ್ತಿರಲಿಲ್ಲ.” ಧೂಳಮ್ಮ ಯೋಚಿಸಿದಳು. “ಬೇಕಾದಾಗ ಬಾ, ನೋಡ್ಕೊಂಡು ಹೋಗು ಅಂತಿದ್ದೆ. ಈಗ ಅದನ್ನೂ ಹ್ಯಾಂಗ ಅನ್ಲಿ?”

ಅವಳು ಒಳಗೆ ಹೋದ ಮೇಲೆ ಮನೀಷಾ ಓಂಪ್ರಕಾಶನ ಹೇಳಿಕೆ ತೆಗೆದುಕೊಂಡಳು.

“ಮಾರಾಕ ಒಯ್ದಿದ್ರೇನು?”

“ಇಲ್ಲರಿ.”

“ಕಪಾಟಿನ್ಯಾಗ ಇಡಾಕೂ ಆಗ್ತಿರಲಿಲ್ಲ. ಮಂದಿ ಕೇಳ್ತಿದ್ರು.”

“ಗೊತ್ತಿತ್ರಿ.”

“ಹಳೇ ಮಣ್ಣಿಂದು, ಹೊಸಾದು ಕೊಡಿಸ್ತೀನಿ ಅಂತ ಪುಸಲಾಯಿಸಿ ಕೇಳಬಹುದಿತ್ತಲ್ಲ?”

“ಆ ಆಯಿಗೆ ಸುಳ್ಳು ಹೇಳಾಕ ಮನಸ್ಸು ಬರಲಿಲ್ರಿ. ಇದು ಮುನ್ನೂರು, ನಾನ್ನೂರು ವರ್ಷದ್ದು ಅಂತ ಖರೇ ಹೇಳಿದ್ರ ತಗೊಳ್ಳೋ ತಾಕತ್ತು ನನಗಿಲ್ಲ.”

“ಅದಕ್ಕ ಕದ್ರಿ.”

“ಹೌದ್ರಿ. ಕೀಲಿ ಕುರಿಹಟ್ಟಿ ಗೂಡಿನ್ಯಾಗ ಇಡೋದನ್ನ ಮದುವಿ ದಿನಾನೇ ನೋಡಿದ್ದೆ.” ಮುಂದಿನದನ್ನು ಅವನು ತಾನಾಗಿಯೇ ಹೇಳಿದ.

“ಹನ್ನೆರಡು ವರ್ಷ ಮಂದಿ ಬ್ಯಾಡಾಗಿ ಒಗದದ್ದನ್ನೇ ತಂದೀನ್ರಿ. ಮುರದ ಕಿವಿ ಹ್ಯಾಂಗಿತ್ತು, ಒಡದ ಬಾಯಿ ಹ್ಯಾಂಗಿತ್ತು ಅಂತ ಪುಸ್ತಕದಾಗ ನೋಡಿ ಮನಸ್ಸಿನ್ಯಾಗ ಜೋಡಿಸ್ಕೋತಿದ್ದೆ. ನನಗ ಅಷ್ಟ ಸಾಕಾಗಿತ್ತು. ಮದುವಿ ದಿನ ಲೈಟ್ ಹಚ್ಚೋ ನೆಪಾ ಮಾಡಿ ಆ ಹೂಜಿ ಹೊಟ್ಟಿ ಸುತ್ತ ಕೈ ಆಡಿಸಿದೆ. ಎಲ್ಲೂ ಬೆರಳು ತಡೀಲಿಲ್ಲ. ಒಂದು ಬಿರುಕಿಲ್ಲ. ಮನಿಗೆ ಬಂದು ನನ್ನ ಕಪಾಟು ನೋಡಿದೆ. ಅವೆಲ್ಲಾ ಒಡದಾವ ಅಂತ ಅವತ್ತೇ ಮೊದಲ ಸಲ ಕಂಡದ್ದು.”

ಸಂಘಪಾಲ ಅದನ್ನು ಅವನು ಹೇಳಿದಂತೆಯೇ ಬರೆದು, ಓದಿ ಹೇಳಿದ. ಸಂಜೆ ಆರೋಪಿಯನ್ನು ಹುಮನಾಬಾದ್ ನ್ಯಾಯಾಲಯಕ್ಕೆ ಹಾಜರುಪಡಿಸಲಾಯಿತು.