ಹೊಲದ ನಡುವೆ ಒಂದು ಗಂಟು

"ಶೀತಲ ಮ್ಯಾಡಮ್ ಅವರು ಓಡಾಡಿದ ದಾರಿ ಈ ನಕಾಶಿದಾಗ ನೋಡ್ರಿ. ಖಾಲಿ ಹೊಲದಾಗ ಇಷ್ಟು ಚುಕ್ಕಿ ಯಾಕ ಬಂದಾವ? ಇದು ಫೋನಿನ ತಪ್ಪು. ಇಂಥಾ ಕಸಾ ಮದ್ಲ ತಗದು ಒಗೀಬೇಕು!"

ತರಬೇತಿ ನೀಡುತ್ತಿದ್ದ ನಿತಿನ ನಗುನಗುತ್ತ ಬೆರಳೊತ್ತಿದ. ಪರದೆಯ ಮೇಲಿದ್ದ ಚುಕ್ಕೆಗಳ ಗಂಟು ಮಾಯವಾಯಿತು.

ಶೀತಲ ತಟ್ಟನೆ ಎದ್ದು ನಿಂತಳು. ಕಸವೇ...? ನನ್ನ ಸಿದ್ದೇಶ್ವರ ಕಸವೇ?

ಯಾರ ಮುಖವನ್ನೂ ನೋಡದೆ ಅವಳು ಹೊರಗೆ ನಡೆದುಬಿಟ್ಟಳು. ಓದಿದವರ ಬುದ್ಧಿ ನೋಡಿ, ನಕಾಶೆ ಓದಬಲ್ಲರು, ಎದುರಿಗಿನ ಮುಖ ಓದಲಾರರು!

ಅದು ಸೋಲಾಪುರದಲ್ಲಿ ಕಾಲೇಜು ಅಧ್ಯಾಪಕರಿಗೆ ನಡೆಯುತ್ತಿದ್ದ ಜಿಐಎಸ್ ತರಬೇತಿ. ಕಂಪ್ಯೂಟರಿನಲ್ಲಿ ನಕಾಶೆ ಮಾಡುವುದನ್ನು ಕಲಿತು, ಮುಂದೆ ತಮ್ಮ ವಿದ್ಯಾರ್ಥಿಗಳಿಗೆ ಕಲಿಸಬೇಕು. ಅಕ್ಕಲಕೋಟೆಯಿಂದ ಶೀತಲ ಪ್ರತಿ ಶನಿವಾರ ಬರುತ್ತಿದ್ದಳು. ಒಂದು ದಿನ ಓಡಾಡಿದ ದಾರಿಯನ್ನೆಲ್ಲ ಫೋನಿನಲ್ಲಿ ದಾಖಲಿಸಿ ತನ್ನಿ ಎಂದು ಹೇಳಿದ್ದವನು ನಿತಿನನೇ. ಸಂಜೆ ಹೊಲಕ್ಕೆ ಹೋಗುವಾಗ ಅವಳು ಅದನ್ನು ಬಂದ್ ಮಾಡಲು ಮರೆತಿದ್ದಳು. ಒಂದೇ ಕಡೆ ಬಹಳ ಹೊತ್ತು ಕೂತರೆ ಫೋನು ಗಲಿಬಿಲಿಗೊಂಡು ಸುತ್ತಮುತ್ತ ಚುಕ್ಕೆ ಇಡುತ್ತಲೇ ಹೋಗುತ್ತದೆ.

ಅವಳು ಕೂತಿದ್ದು ಗಂಡನ ಸಮಾಧಿಯ ಹತ್ತಿರ. ಚಿಂಚೋಳಿ ಎಂಐಡಿಸಿಯ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬರುವಾಗ ಅಪಘಾತವಾಗಿ ಸಿದ್ದೇಶ್ವರ ಹೆದ್ದಾರಿಯಲ್ಲೇ ಪ್ರಾಣ ಬಿಟ್ಟಿದ್ದ. ತಮ್ಮ ಹೊಲದಲ್ಲೇ ಅವನನ್ನು ಮಣ್ಣು ಮಾಡಿದ್ದರು.

ಬೇರೆ ಯಾರಾದರೂ ಅಳಿಸಿದ್ದರೆ ಅವಳು ಮರೆಯುತ್ತಿದ್ದಳೇನೋ. ಆದರೆ ನಿತಿನ...! ಬಸ್ ತಪ್ಪಿದ ದಿನ ಮುಂದಿನ ಬಸ್ ಬರುವವರೆಗೆ ಜೊತೆಗೆ ನಿಂತವನು, ಎಷ್ಟೋ ದಿನಗಳ ಮೇಲೆ ಅವಳನ್ನು ನಗಿಸಿದವನು. ಗಾಯದ ಮೇಲೆ ಬರೆ ಎಳೆದಂತಾಯಿತು.

ಮುಂದಿನ ಶನಿವಾರ ಅವಳು ತರಬೇತಿಗೆ ಹೋಗಲಿಲ್ಲ.

ಮರುದಿನ ಸಂಜೆ ಅವಳು ಸಮಾಧಿಯ ಹತ್ತಿರ ಕೂತಿದ್ದಾಗ ಹೊಲದ ಬದುವಿನ ಮೇಲೆ ಹೆಜ್ಜೆ ಸಪ್ಪಳ. ನಿತಿನ! ಚಪ್ಪಲಿ ಬಿಟ್ಟು ದೂರದಲ್ಲೇ ನಿಂತಿದ್ದ. ಮುಖ ಬಾಡಿತ್ತು.

"ನಿಮ್ಮ ಕಾಲೇಜಿನ ಬಸಣ್ಣ ಸರ್ ಎಲ್ಲಾ ಹೇಳಿದ್ರಿ... ನನಗ ಗೊತ್ತಿರಲಿಲ್ಲ. ಮಾಫ್ ಮಾಡ್ರಿ."

"ಇಲ್ಲಿಗೆ ಯಾಕ ಬಂದ್ರಿ? ನಮ್ಮತ್ತಿ ನೋಡಿದ್ರ..."

"ಅವರೇ ಚಾ ಕೊಟ್ಟು ದಾರಿ ತೋರ್ಸ್ಯಾರ್ರಿ. 'ಭಾಳ ಅಳಾಕತ್ತಾಳಪ್ಪಾ, ಹೋಗು' ಅಂದ್ರು."

ಅತ್ತೆ ನೀಲಾಬಾಯಿಗೆ ಎಲ್ಲ ತಿಳಿದಿತ್ತೇ! ಮಗನನ್ನು ಕಳೆದುಕೊಂಡ ಆ ಜೀವ, ಸೊಸೆಯ ಕಣ್ಣೀರನ್ನೂ ನೋಡುತ್ತಲೇ ಇತ್ತೇ? ಶೀತಲಳಿಗೆ ದುಃಖ ಉಮ್ಮಳಿಸಿ ಬಂತು.

"ಅಳಿಸಿದ ಚುಕ್ಕಿ ಎಲ್ಲಾ ತಿರುಗಿ ಹಾಕೀನ್ರಿ," ಎಂದ ನಿತಿನ ಮೆಲ್ಲಗೆ.

"ನಕಾಶಿದಾಗ ಹಾಕಿದ್ರ ಆತೇನ್ರಿ? ಆವತ್ತ ನಾ ಅಷ್ಟೊತ್ತು ಯಾಕ ಕುಂತಿದ್ದೆ ಗೊತ್ತದೇನು?" ಅವಳು ಸಮಾಧಿಯ ಕಡೆ ಕೈ ಮಾಡಿದಳು. "ಇವರಿಗೆ ನಿಮ್ಮ ಸುದ್ದಿ ಹೇಳಾಕ! ಮನಸು ನಿಮ್ಮ ಕಡಿ ಹೊಂಟದ, ಬ್ಯಾಡಂದ್ರ ಬಿಡ್ತೀನಿ ಅಂತ ಕೇಳಾಕ... ಬಾಯಾಗ ಮಾತೇ ಬರವಲ್ದಾಗಿತ್ತು. ಕತ್ತಲಾಗೂ ತನಕ ಕುಂತೆ. ಅದನ್ನ ನೀವು ಕಸಾ ಅಂದ್ರಿ!"

ನಿತಿನನ ಕಣ್ಣು ತುಂಬಿ ಬಂತು. ಹತ್ತಿರ ಬಂದು ಮಣ್ಣಿನಲ್ಲೇ ಕೂತು, ಸಮಾಧಿಗೆ ಹಣೆ ಹಚ್ಚಿದ. ಆಮೇಲೆ ತಲೆ ಎತ್ತಿದ.

"ಕಡೀಕ ಹೇಳಿದ್ರೇನ್ರಿ?"

"ಹೇಳ್ದೆ."

"ಏನಂದ್ರು...?"

"ಸತ್ತವರು ಏನಂತಾರ್ರಿ..." ಅವಳು ಸೆರಗಿನಿಂದ ಕಣ್ಣೊರಸಿಕೊಂಡಳು. "ಇದ್ದಾಗೂ ನಾ ಕೇಳಿದ್ದಕ್ಕ ಒಮ್ಮೆನೂ ಇಲ್ಲ ಅಂದವರಲ್ಲ."